ಅಳತೆಗೆ ನಿಂತವನು

ಆಗದ ಮಾತು ಎಂದು ಮೊದಲು ಅಂದವನು ನಮ್ಮಪ್ಪನೇ. ನಾನು ಬಿ.ಎ. ಮುಗಿಸುವುದೂ ಆಗದ ಮಾತು, ತಾನು ಗೋವಿಂದ ಸರ್ ಅವರ ಸಂಘದ ಮೆಂಬರ್ ಆಗುವುದೂ ಆಗದ ಮಾತು. “ನಾವು ಬಾಗಲದಾಗ ನಿಲ್ಲೂ ಮಂದಿ, ರೇಣವ್ವಾ. ಒಳಗ ಕುಂದರೂ ಮಂದಿ ಅಲ್ಲ” ಅಂದಿದ್ದ. ಬೇರೆ ಯಾರಾದರೂ ಅಂದಿದ್ದರೆ ಜಗಳ ತೆಗೆಯುತ್ತಿದ್ದೆ. ಅಪ್ಪ ತನ್ನ ಬಗ್ಗೆ ತಾನೇ ಹೀಗೆ ಅಂದುಕೊಂಡರೆ ಯಾರ ಜತೆ ಜಗಳ ಆಡುವುದು?

ಮೊದಲನೆಯದನ್ನು ನಾನು ಸುಳ್ಳು ಮಾಡಿದೆ. ನಮ್ಮ ಮನೆತನದಲ್ಲಿ ಮೊದಲ ಪದವಿ ನನ್ನದು. ಇದನ್ನು ಜಂಬದಿಂದಲೇ ಬರೆಯುತ್ತೇನೆ, ಯಾಕೆಂದರೆ ಅದನ್ನು ಯಾರೂ ನನ್ನ ಕೈಗೆ ತಂದು ಕೊಟ್ಟಿಲ್ಲ. ಎರಡನೆಯದರ ಕತೆ ಬೇರೆ.

ಹೋದ ವಾರ ಮೊರಬದಲ್ಲಿ, ನಾನು ಅತಿಥಿ ಶಿಕ್ಷಕಿಯಾಗಿರುವ ಶಾಲೆಯ ಕಿಟಕಿಗಳಿಗೆ ಬಣ್ಣ ಹಚ್ಚುತ್ತಿದ್ದರು. ಥಿನ್ನರ್ ವಾಸನೆ ತರಗತಿಯೊಳಗೆ ಬಂತು. ಪಾಠ ಹೇಳುತ್ತ ನಿಂತವಳು ಪುಸ್ತಕ ಮುಚ್ಚಿ ಕಿಟಕಿಯ ಕಡೆ ತಿರುಗಿದೆ. ಅಣ್ಣಿಗೇರಿಯಲ್ಲಿ ಗೋವಿಂದ ಸರ್ ಅವರ ಮನೆಯ ಅಟ್ಟದ ಕೋಣೆ ಹೀಗೆಯೇ ನಾರುತ್ತಿತ್ತು. ಮಕ್ಕಳು “ಟೀಚರ್, ಆರಾಮಿಲ್ಲೇನ್ರಿ?” ಎಂದು ಕೇಳಿದರು. ಆರಾಮ ಇದ್ದೇನೆ ಎಂದು ಹೇಳಿ ಹೊರಗೆ ಬಂದು ನಿಂತೆ.

ಅದು ನನ್ನ ಬಿ.ಎ. ಕೊನೆಯ ವರ್ಷ. ಶ್ರಾವಣದಲ್ಲಿ ಹಿಡಿದ ಮಳೆ ಬಿಡಲೇ ಇಲ್ಲ. ಹೆಸರುಕಾಳು ಗಿಡದಲ್ಲೇ ಮೊಳಕೆ ಒಡೆಯಿತು. ಎರೆಮಣ್ಣು ಕಾಲಿಗೆ ಮೆತ್ತಿಕೊಂಡು, ಕಾಲೇಜಿಗೆ ಹೋಗುವಷ್ಟರಲ್ಲಿ ಚಪ್ಪಲಿ ಒಂದೊಂದು ಕಿಲೋ ಆಗುತ್ತಿತ್ತು. ಅಪ್ಪ ಅಣ್ಣಿಗೇರಿಯಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಹಮಾಲ. ಜಿನ್ನು ಬಂದ್ ಆಗಿತ್ತು, ಪೇಟೆಯಲ್ಲಿ ಹೊರುವುದಕ್ಕೆ ಮಾಲು ಇರಲಿಲ್ಲ. ಹತ್ತಿಯ ಧೂಳು ಕುಡಿದು ಕುಡಿದು ಅವನ ಎದೆ ಆಗಲೇ ಕೆಟ್ಟಿತ್ತು. ಥಂಡಿಯಲ್ಲಿ ಕೂತು ಕೆಮ್ಮುತ್ತಿದ್ದ. ಅವ್ವ ಬಿಸಿ ನೀರು ಕೊಡುವುದು, ಅವನು ಬೇಡ ಅನ್ನುವುದು, ಇದೇ ನಡೆದಿತ್ತು.

ಗೋವಿಂದ ಸರ್ ನಿವೃತ್ತ ಡ್ರಾಯಿಂಗ್ ಮಾಸ್ತರು. ಕಿರುಮಾದರಿ ಮಾಡುವುದು ಅವರ ಹುಚ್ಚು. ಆಟಿಕೆಯಲ್ಲ, ನಿಜವಾದ ವಸ್ತುವಿನ ಒಂದೊಂದು ಭಾಗವನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿ ಮಾಡಬೇಕು. ಅವರದು ಹದಿನಾರಕ್ಕೆ ಒಂದು. ಅಂದರೆ ಹದಿನಾರು ಇಂಚು ಇದ್ದದ್ದು ಮಾದರಿಯಲ್ಲಿ ಒಂದೇ ಇಂಚು. ಇಂಥ ಹುಚ್ಚು ಇದ್ದವರದು ದೇಶಕ್ಕೆಲ್ಲ ಒಂದು ಸಂಘ ಇತ್ತು. ಮುಖ್ಯ ಕಚೇರಿ ಪುಣೆಯಲ್ಲಿ, ಯಾರದೋ ಮನೆಯ ಮುಂದಿನ ಕೋಣೆ. ಅಣ್ಣಿಗೇರಿಯ ಶಾಖೆ ಎಂದರೆ ಸರ್ ಅವರ ಅಟ್ಟ. ಸಂಘ ಮುಚ್ಚುವುದಕ್ಕೆ ಬಂದಿತ್ತು. ಮುಚ್ಚುವ ಮುಂಚೆ ಅದರ ಇತಿಹಾಸ ಬರೆದು ಒಂದು ಪುಸ್ತಕ ಮಾಡಬೇಕೆಂದು ಸರ್ ಅವರಿಗೆ ಹೇಳಿದ್ದರು. ಸರ್ ಅವರ ಕೈ ನಡುಗುತ್ತಿತ್ತು.

“ನೀ ಹಿಸ್ಟರಿ ಓದಾಕತ್ತೀಯಲ್ಲವಾ, ನಾ ಹೇಳ್ತೀನಿ, ನೀ ಬರಿ” ಅಂದರು.

ಅಪ್ಪನಿಗೂ ಅವರಿಗೂ ಹಳೆಯ ಪರಿಚಯ. ಅವರ ಮನೆಗೆ ಹೋಗಿ ಬರೆಯುತ್ತೇನೆ ಎಂದಾಗ ಅಪ್ಪ ಹಿಗ್ಗಿದ. ಏನು ಬರೆಯುತ್ತೇನೆ ಎಂದು ಕೇಳಲಿಲ್ಲ.

ಟ್ರಂಕಿನ ತುಂಬ ಸಂಘದ ಪತ್ರಿಕೆಗಳು, ಎಲ್ಲ ಇಂಗ್ಲಿಷಿನಲ್ಲಿ. ಡಿಕ್ಷನರಿ ತೊಡೆಯ ಮೇಲೆ ಇಟ್ಟುಕೊಂಡು ಓದಿದೆ. ಮೊದಮೊದಲು ಬರೀ ವಿಮಾನ, ರೈಲು ಎಂಜಿನ್, ಯುದ್ಧದ ಹಡಗು. ಹೊರದೇಶದಿಂದ ಡಬ್ಬಿಯಲ್ಲಿ ಬರುತ್ತಿದ್ದ ತುಂಡುಗಳನ್ನು ಅಂಟಿಸುವವರ ಸಂಘ ಅದು. ಆಮೇಲೆ ಯಾರೋ ಒಬ್ಬರು ನಮ್ಮ ನೆಲದ ವಸ್ತುಗಳನ್ನೂ ಮಾಡೋಣ ಎಂದರು. ಅಲ್ಲಿಂದ ದೋಣಿ, ಗಾಣ, ಎತ್ತಿನ ಚಕ್ಕಡಿ, ನೀರೆತ್ತುವ ರಾಟೆ. ಒಬ್ಬರು ನಕ್ಷೆ ಬರೆದು ಕಳಿಸಿದರೆ ದೇಶದ ಇನ್ನೊಂದು ಮೂಲೆಯಲ್ಲಿ ಯಾರೋ ಅದನ್ನು ನೋಡಿ ಮಾದರಿ ಮಾಡುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ, ಆದರೆ ಅಂಟು ಒಣಗಲಿಲ್ಲ, ಬಣ್ಣ ಬಿರಿಯಿತು ಎಂದು ಪುಟಗಟ್ಟಲೆ ಕಾಗದ. ಬರಬರುತ್ತ ಪತ್ರಿಕೆ ತೆಳ್ಳಗಾಯಿತು. ಕೊನೆಯ ಪುಟದಲ್ಲಿ ಕಪ್ಪು ಗೆರೆಯೊಳಗೆ ತೀರಿಕೊಂಡವರ ಹೆಸರು. ನಾಕು ಪುಟದ ಪತ್ರಿಕೆಯಲ್ಲಿ ಒಂದು ಪುಟ ಅದೇ ಆಯಿತು. ಹೊಸಬರು ಯಾರೂ ಸೇರಲಿಲ್ಲ. ಯಂತ್ರವೇ ಮಾದರಿ ಮಾಡಿ ಕೊಡುವ ಕಾಲದಲ್ಲಿ ಬ್ಲೇಡು ಹಿಡಿದು ಯಾರು ಕೂಡುತ್ತಾರೆ?

ಸರ್ ಅವರ ಹೆಸರು ಸಂಘದಲ್ಲಿ ದೊಡ್ಡದಾಗಿದ್ದು ಒಂದು ನಕ್ಷೆಯಿಂದ: ತಿರ್ಲಾಪುರದ ಗೌಡರ ಮನೆಯ ಹತ್ತಿ ಚಕ್ಕಡಿ. ಅದಕ್ಕೆ ಸಂಘ ಬೆಳ್ಳಿಯ ಫಲಕ ಕೊಟ್ಟಿತ್ತು. ಅದೇ ಚಕ್ಕಡಿಯನ್ನು ಅಪ್ಪ ಇಪ್ಪತ್ತು ವರ್ಷ ಹೊಡೆದಿದ್ದ. ತಿರ್ಲಾಪುರದಿಂದ ಅಣ್ಣಿಗೇರಿಗೆ ಹತ್ತಿ ತರುತ್ತಿದ್ದ. ಟ್ರ್ಯಾಕ್ಟರ್ ಬಂದ ಮೇಲೆ ಜಿನ್ನಿನ ಹಮಾಲನಾದ. ಸರ್ ಅವರನ್ನು ಗೌಡರ ಮನೆಗೆ ಕರೆದುಕೊಂಡು ಹೋದವನೂ ಅವನೇ.

ಆ ದಿನದ ಕತೆಯನ್ನು ಸರ್ ನಗುತ್ತ ಹೇಳಿದರು. ಟೇಪು ತೆಗೆದು ಗಾಲಿಗೆ ಹಿಡಿಯಬೇಕು ಅನ್ನುವಷ್ಟರಲ್ಲಿ ಗೌಡರ ತಾಯಿ ಒಳಗಿನಿಂದ ಬಂದರಂತೆ. “ಅಳತಿ ಹಿಡೀಬ್ಯಾಡ್ರಿ ಮಾಸ್ತರ. ಮಾರೂ ಚಕ್ಕಡಿಗಷ್ಟ ಅಳತಿ ಹಿಡೀತಾರ. ನಾಳಿ ಊರ ಮಂದಿ ಗೌಡ್ರು ಚಕ್ಕಡಿ ಮಾರಾಕತ್ತಾರ ಅಂತಾರ. ಟೇಪ ಒಳಗ ಇಟ್ಗೋರಿ.” ಫೋಟೋಗೆ ಮಾತ್ರ ಒಪ್ಪಿದರು. ಆಗ ಸರ್ ಉಪಾಯ ಮಾಡಿದರು. ಎತ್ತರ ಗೊತ್ತಿರುವ ಮನುಷ್ಯನನ್ನು ಚಕ್ಕಡಿಯ ಬಾಜು ನಿಲ್ಲಿಸಿ ಫೋಟೋ ತೆಗೆದರೆ, ಆ ಮನುಷ್ಯನ ಎತ್ತರದಿಂದ ಉಳಿದದ್ದನ್ನೆಲ್ಲ ಲೆಕ್ಕ ಹಾಕಬಹುದು. ಜಿನ್ನಿನ ಡಾಕ್ಟರು ಅಪ್ಪನ ಕಾರ್ಡಿನಲ್ಲಿ ಎತ್ತರ ಬರೆದಿದ್ದರು: ಐದಡಿ ನಾಲ್ಕಿಂಚು. ಅಪ್ಪ ನಿಂತ. ಆಮೇಲೆ ಎಲ್ಲ ಫೋಟೋಗಳಿಗೂ ಅವನೇ ನಿಂತ. ಗಾಣದ ಬಾಜು, ರಾಟೆಯ ಬಾಜು, ಹಳೆಯ ಜಿನ್ನಿನ ಯಂತ್ರದ ಬಾಜು.

ಆ ಫೋಟೋಗಳೆಲ್ಲ ಪತ್ರಿಕೆಯಲ್ಲಿ ಅಚ್ಚಾಗಿದ್ದವು. ಅಡಿಯಲ್ಲಿ ಸರ್ ಅವರ ಹೆಸರು, ಊರಿನ ಹೆಸರು, ವಸ್ತುವಿನ ಹೆಸರು. ಅಪ್ಪನಿಗೆ ಒಂದು ಸಾಲು: ಅಳತೆಗಾಗಿ ನಿಂತ ವ್ಯಕ್ತಿ, ಎತ್ತರ ಐದಡಿ ನಾಲ್ಕಿಂಚು.

ಅದನ್ನು ಓದಿದ ದಿನ ನಾನು ಊಟ ಮಾಡಲಿಲ್ಲ. ಮರುದಿನ ಸರ್ ಅವರ ಮುಂದೆ ಪತ್ರಿಕೆ ಇಟ್ಟೆ.

“ಸರ, ನಮ್ಮಪ್ಪಗ ಹೆಸರಿಲ್ಲೇನ್ರಿ?”

ಅವರಿಗೆ ಕೆಟ್ಟದೆನಿಸಿತು. “ಯಲ್ಲಪ್ಪ ಅಂತ ಬರೀಬೇಕಿತ್ತವಾ. ನನಗ ಹೊಳೀಲಿಲ್ಲ.”

“ಈಗ ಬರೀತೀನ್ರಿ. ಮೆಂಬರ್ ಅಂತ ಬರೀತೀನಿ.”

“ಹಂಗ ಬರಂಗಿಲ್ಲ, ರೇಣುಕಾ. ಸಂಘದ್ದೊಂದು ನಿಯಮ ಐತಿ. ತನ್ನ ಕೈಲೆ ಮಾಡಿದ ಒಂದು ಮಾದರಿ ಪರೀಕ್ಷಾದಾಗ ಪಾಸಾಗಬೇಕು. ಆಗ ಸರ್ಟಿಫಿಕೇಟ್ ಕೊಡ್ತಾರ, ಆಗ ಮೆಂಬರ್. ಡಿಸೆಂಬರದಾಗ ಕಡೀ ಸಭಾ ಇಲ್ಲೇ ಅಣ್ಣಿಗೇರಿಯೊಳಗ ಐತಿ. ಮಾಡಿಸು ನಿಮ್ಮಪ್ಪನ ಕಡೆಯಿಂದ.”

ಅಪ್ಪನಿಗೆ ಹೇಳಿದಾಗಲೇ ಅವನು ಆ ಬಾಗಿಲ ಮಾತು ಆಡಿದ್ದು. ನಾಕು ದಿನ ಕಳೆಯಿತು. ಐದನೆಯ ದಿನ ಕಾಲೇಜಿನಿಂದ ಬಂದರೆ, ಒಲೆಯ ಮುಂದಿನ ಜಾಲಿ ಕಟ್ಟಿಗೆಯೊಂದನ್ನು ಕಾಲಲ್ಲಿ ಅವುಚಿಕೊಂಡು ಕೆತ್ತುತ್ತ ಕೂತಿದ್ದ. ಅವ್ವ ಬೈಯುತ್ತಿದ್ದಳು. “ಮಳ್ಯಾಗ ಒಣಾ ಕಟಿಗಿ ಸಿಗವಲ್ದು, ಇದ್ದದ್ದನ್ನ ಇವರು ಗೊಂಬಿ ಮಾಡಾಕ ಹತ್ಯಾರ.”

“ಗೊಂಬಿ ಅಲ್ಲಲೇ ದ್ಯಾಮಿ, ಚಕ್ಕಡಿ. ನಿನ್ನ ತವರಮನಿಗೆ ಕಳಸ್ತೀನಿ ಕುಂದ್ರು” ಅಂದ ಅಪ್ಪ. ಆ ವರ್ಷ ಅವನು ನಕ್ಕದ್ದು ಅದೊಂದೇ ಸಲ ಇರಬೇಕು, ನಕ್ಕು ಕೆಮ್ಮಿದ.

ಸರ್ ಅವರ ನಕ್ಷೆಯ ಒಂದು ಪ್ರತಿ ತಂದು ಕೊಟ್ಟೆ. ಅವನು ಅದನ್ನು ತಿರುವಿ ನೋಡಿ ಗೋಡೆಗೆ ಸಿಕ್ಕಿಸಿದ. ಓದು ಬರದವನಿಗೆ ಆ ಅಂಕಿಗಳು ಏನು ಹೇಳಬೇಕು? ತನ್ನದೇ ದಾರಿ ಹಿಡಿದ. ಸ್ನಾನ ಮಾಡಿ ಬರಿತಲೆಯಲ್ಲಿ ಗೋಡೆಗೆ ನಿಂತು, “ನನ್ನ ತಲಿ ಮ್ಯಾಲೆ ಸುಣ್ಣದ ಗೆರಿ ಹೊಡಿಯವಾ” ಅಂದ. ಹೊಡೆದು ಅಳೆದೆ, ಐದಡಿ ನಾಲ್ಕಿಂಚು. “ಹದಿನಾರು ಭಾಗ ಮಾಡು.” ಸರಿಯಾಗಿ ನಾಲ್ಕಿಂಚು ಬಂತು. ಆ ಉದ್ದದ ಒಂದು ಬಿದಿರ ಕಡ್ಡಿ ಕತ್ತರಿಸಿಕೊಂಡ.

“ಇದ ನೋಡು ನಾನು. ಗಾಲಿ ನನ್ನ ಗದ್ದಕ್ಕ ಬರತಿತ್ತು. ನೊಗ ಕಟ್ಟೂ ಮೂಕಿ ಎದಿಗೆ. ಅಚ್ಚು ತೊಡಿ ನಡುಮಟ್ಟಕ್ಕ.” ಕಡ್ಡಿಯ ಮೇಲೆ ಗದ್ದ, ಎದೆ, ತೊಡೆ, ಮಂಡಿ ಎಂದು ಬ್ಲೇಡಿನಿಂದ ಗೀರು ಹಾಕಿದ. ಆ ಕಡ್ಡಿಯೊಂದರಿಂದ ಇಡೀ ಚಕ್ಕಡಿ ಎದ್ದಿತು. ಗಾಲಿಯ ಅರೆಕಾಲುಗಳಿಗೆ ಬೆಂಕಿಕಡ್ಡಿಯಷ್ಟು ದಪ್ಪದ ಜಾಲಿ ಚಕ್ಕೆ, ಸುತ್ತ ಹಳೇ ಡಬ್ಬಿಯ ತಗಡಿನ ಪಟ್ಟಿ. ನೊಗ ಬಿಗಿಯುವ ಮಿಣಿ ಅವ್ವನ ಸೀರೆಯ ದಾರದ್ದು. ಎರಡೂವರೆ ತಿಂಗಳು ಹಿಡಿಯಿತು. ಮುಗಿದ ದಿನ ನೆಲದ ಮೇಲಿಟ್ಟು ಬೆರಳಿಂದ ತಳ್ಳಿದ; ತಾನೇ ಉರುಳಿ ಹೋಗಿ ಅವ್ವನ ಕಾಲಿಗೆ ತಾಗಿ ನಿಂತಿತು. ಅವ್ವ ಎತ್ತಿಕೊಂಡು ಮೂಕಿ ಸವರಿ ನೋಡಿದಳು.

ಎಳ್ಳು ಅಮಾವಾಸ್ಯೆಗೆ ಇನ್ನೆರಡು ದಿನ ಇತ್ತು, ಹೊರಗೆ ಮೈಕೊರೆಯುವ ಥಂಡಿ. ಬಾಡಿಗೆ ಹಿಡಿದ ಒಂದು ಹಾಲಿನಲ್ಲಿ ಸಭೆ. ದೇಶದ ಸಂಘವೆಂದರೆ ಹದಿನಾಲ್ಕು ಜನ ಮುದುಕರು, ಮಫ್ಲರು ಸುತ್ತಿಕೊಂಡು ರೈಲಿನಿಂದ ಇಳಿದು ಬಂದಿದ್ದರು. ಇಬ್ಬರನ್ನು ಕೈಹಿಡಿದು ಮೆಟ್ಟಿಲು ಹತ್ತಿಸಬೇಕಾಯಿತು. ಅವ್ವ ಇಳಕಲ್ ಸೀರೆ ಉಟ್ಟು ಬಾಗಿಲ ಬಳಿ ನಿಂತಿದ್ದಳು. ಒಬ್ಬರು ಚಹಾ ಕುಡಿದು ಖಾಲಿ ಕಪ್ಪು ಅವಳ ಕೈಗೆ ಕೊಟ್ಟರು. ಅವಳು ತಗೊಂಡಳು. ಆಮೇಲೆ ಉಳಿದವರೂ ಕೊಟ್ಟರು. ನಾನು ನೋಡುವಷ್ಟರಲ್ಲಿ ಎಲ್ಲ ಕಪ್ಪುಗಳನ್ನೂ ಹಿತ್ತಲಲ್ಲಿ ತೊಳೆದು ಬೋರಲು ಹಾಕಿದ್ದಳು.

ಪುಣೆಯ ಅಧ್ಯಕ್ಷರೇ ಪರೀಕ್ಷಕರು. ಕೆಟ್ಟ ಮನುಷ್ಯರಲ್ಲ. ಚಕ್ಕಡಿಯನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಸರ್ ಅವರ ನಕ್ಷೆಯನ್ನು ಬಾಜುವಿಗೆ ಹಾಸಿ, ಗಾಲಿಗೆ ಅಳತೆಯ ಇಕ್ಕಳ ಹಿಡಿದರು. ಇನ್ನೊಂದು ಗಾಲಿಗೆ ಹಿಡಿದರು. ಮೂಕಿಗೆ, ಅಚ್ಚಿಗೆ ಹಿಡಿದರು. ತಲೆ ಅಲ್ಲಾಡಿಸಿದರು. ಗಾಲಿ ಒಂದೂವರೆ ನೂಲು, ಅಂದರೆ ಹೆಚ್ಚುಕಡಿಮೆ ಇಂಚಿನ ಐದನೇ ಒಂದು ಭಾಗ, ದೊಡ್ಡದು. ಎಲ್ಲವೂ ದೊಡ್ಡದು. ಕೈಕೆಲಸ ಬಹಳ ಚೆಂದ, ಆದರೆ ಪ್ರಮಾಣ ತಪ್ಪು. ಹಿಂದಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು. ಸರ್ ಅದನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಿದರು.

ಅಪ್ಪ ನಿಂತೇ ಇದ್ದ. “ಗಾಲಿ ನನ್ನ ಗದ್ದಕ್ಕ ಬರತಿತ್ರಿ ಸಾಹೇಬ್ರ” ಅಂದ.

ಸರ್ ಹಿಂದಿಯಲ್ಲಿ ತಿಳಿಸಿದರು. ನೆನಪು ಬೇರೆ, ನಕ್ಷೆ ಬೇರೆ ಎಂದು ಅಧ್ಯಕ್ಷರು ಹೇಳಿದರು. ನಕ್ಷೆ ಪ್ರಕಾರ ಗಾಲಿ ಬರಬೇಕಾದದ್ದು ಮನುಷ್ಯನ ಭುಜದ ಮಟ್ಟಕ್ಕೆ. ಯಾರೋ ನಕ್ಕರು, ಕೆಟ್ಟದಾಗಿ ಅಲ್ಲ. ಸರ್ ಹಾಸಿದ್ದ ನಕ್ಷೆಯನ್ನು ಸುತ್ತಿ ಕೈಗೆ ತಗೊಂಡರು. ನಕ್ಷೆ ಅವರದೇ.

ನಾನು ಏನು ಮಾಡಿದೆ ಎಂಬುದನ್ನು ಬರೆಯದಿದ್ದರೆ ಇಷ್ಟು ಬರೆದದ್ದು ವ್ಯರ್ಥ. ಅಷ್ಟು ಜನ ಓದಿದವರ ನಡುವೆ ನನಗೆ ನಾಚಿಕೆಯಾಯಿತು. ಹೊರಗೆ ಬಂದ ಮೇಲೆ ಅಪ್ಪನಿಗೆ ಸಿಟ್ಟಿನಿಂದ ಹೇಳಿದೆ: “ನಕ್ಷಾ ತಂದು ಕೊಟ್ಟಿದ್ನೆಲ್ಲೊ ಯಪ್ಪಾ. ಅದನ್ನ ನೋಡಿ ಮಾಡಬೇಕಿತ್ತು. ನನ್ನ ಕೇಳಿದ್ರ ಓದಿ ಹೇಳ್ತಿದ್ದೆ.”

ಅವನು ಚಕ್ಕಡಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಳ್ಳುತ್ತಿದ್ದ. “ಹೌದವಾ” ಅಂದ. “ನೀ ಓದಿದಾಕಿ. ನಿನಗ ಗೊತ್ತಿರ್ತೈತಿ.”

ಅವ್ವ ನನ್ನನ್ನು ನೋಡಿದಳು. ಮೂವರೂ ನಡೆದು ಮನೆಗೆ ಬಂದೆವು.

ಆಮೇಲೆ ಅವನು ಆ ಚಕ್ಕಡಿಯ ಮಾತೆತ್ತಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಜಿನ್ನು ಜೋರಾಗಿ ನಡೆದಿತ್ತು, ಬೇಡವೆಂದರೂ ಎಂಟು ದಿನ ಹೋದ. ಒಂಬತ್ತನೆಯ ದಿನ ಅವನನ್ನು ಆಟೋದಲ್ಲಿ ಕರೆತಂದರು. ಕಡಲೆ ಕೀಳುವ ದಿನಗಳಲ್ಲಿ, ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ, ಮೂಗಿಗೆ ಕೊಳವೆ ಹಾಕಿದ್ದಾಗಲೇ ತೀರಿಕೊಂಡ. ನನ್ನ ಪರೀಕ್ಷೆಗೆ ಇನ್ನೂ ಮೂರು ತಿಂಗಳು ಇತ್ತು. ಹೇಗೆ ಬರೆದೆನೋ ಗೊತ್ತಿಲ್ಲ, ಬರೆದೆ. ಮೊದಲ ದರ್ಜೆ ಬಂತು. ಫಲಿತಾಂಶ ಬಂದ ದಿನ ಅವ್ವ ಸಕ್ಕರೆ ತಂದು ಬಾಯಿಗೆ ಹಾಕಿ ಹೊಲದ ಕೆಲಸಕ್ಕೆ ಹೋದಳು.

ಸಂಘದ ಇತಿಹಾಸ ಅರ್ಧಕ್ಕೆ ನಿಂತಿತ್ತು. ಸರ್ ಹೇಳಿ ಕಳಿಸಿದರು. ಹೋಗಬಾರದು ಅನಿಸಿತ್ತು, ಆದರೆ ಹಿಡಿದ ಕೆಲಸ ಬಿಡುವುದು ನಮ್ಮ ಮನೆಯಲ್ಲಿ ಇಲ್ಲ. ಹೋದೆ. ತಿರ್ಲಾಪುರದ ಚಕ್ಕಡಿಯ ಪುಟಕ್ಕೆ ಬಂದಾಗ ಅಡಿಬರಹ ನಾನೇ ತಿದ್ದಬೇಕಿತ್ತು. ವ್ಯಕ್ತಿ ಎಂದಿದ್ದಲ್ಲಿ ಯಲ್ಲಪ್ಪ ಎಂದು ಬರೆದೆ. ಬರೆದ ಮೇಲೆ ಫೋಟೋವನ್ನು ಕಣ್ಣ ಹತ್ತಿರ ಹಿಡಿದು ಅವನ ಮುಖ ನೋಡಿದೆ. ಗಾಲಿಯ ಮೇಲಂಚು ಅವನ ಗದ್ದಕ್ಕೆ ಸರಿಯಾಗಿ ನಿಂತಿತ್ತು.

ಭುಜಕ್ಕಲ್ಲ, ಗದ್ದಕ್ಕೆ. ಹಾಗಾದರೆ ನಕ್ಷೆಯಲ್ಲಿ ಭುಜಕ್ಕೆ ಹೇಗೆ ಬಂತು? ಸ್ಕೇಲು ಇಟ್ಟು ಅಳೆದೆ. ಮೂರು ಸಲ ಅಳೆದೆ. ಫೋಟೋದಲ್ಲಿ ಅಪ್ಪ ತಲೆಗೆ ಪಟಗ ಸುತ್ತಿದ್ದ. ಅವನ ಕಡೆಯ ಗಂಡಸರು ಸಾವಿನ ಮನೆಯಲ್ಲಿ ಬಿಟ್ಟರೆ ಬರಿತಲೆಯಲ್ಲಿ ನಾಕು ಜನರ ಮುಂದೆ ನಿಲ್ಲುವುದಿಲ್ಲ. ಸರ್ ಅಂಗಾಲಿನಿಂದ ಪಟಗದ ತುದಿಯವರೆಗಿನ ಉದ್ದವನ್ನು ಐದಡಿ ನಾಲ್ಕಿಂಚು ಎಂದು ಹಿಡಿದಿದ್ದರು. ಅದು ಡಾಕ್ಟರು ಬರೆದ ಬರಿತಲೆಯ ಎತ್ತರ. ಪಟಗದ ನಾಲ್ಕಿಂಚು ಲೆಕ್ಕಕ್ಕೆ ಬಂದಿರಲಿಲ್ಲ. ಅಷ್ಟರಿಂದ ನಕ್ಷೆಯ ಚಕ್ಕಡಿ ಪೂರ್ತಿ ಕುಗ್ಗಿತ್ತು. ಅದನ್ನು ನೋಡಿ ದೇಶದ ತುಂಬ ಮಾಡಿದ ಚಕ್ಕಡಿಗಳೆಲ್ಲ ಸಣ್ಣವು. ಸರಿಯಾದದ್ದು ಒಂದೇ, ಅದು ನಮ್ಮ ಮನೆಯಲ್ಲಿ ಟವೆಲ್ಲಿನೊಳಗೆ ಇತ್ತು.

ಸರ್ ಅವರಿಗೆ ಹೇಳುವ ಮುಂಚೆ ತಿರ್ಲಾಪುರಕ್ಕೆ ಹೋದೆ. ಗೌಡರ ತಾಯಿ ಇಲ್ಲ, ಚಕ್ಕಡಿಯೂ ಇಲ್ಲ. ಒಂದು ಗಾಲಿ ಮಾತ್ರ ಕೊಟ್ಟಿಗೆಯ ಗೋಡೆಗೆ ಒರಗಿತ್ತು, ಕೋಳಿಗಳು ಅದರ ಮೇಲೆ ಕೂತಿದ್ದವು. ಅಳೆಯಲೇನ್ರಿ ಎಂದು ಕೇಳಿದೆ. ಗೌಡರ ಸೊಸೆ, “ಅಳಕೋವಾ, ಬೇಕಂದ್ರ ಒಯ್ಯಿ” ಅಂದಳು. ಐವತ್ತೈದು ಇಂಚು. ಹದಿನಾರರಿಂದ ಭಾಗಿಸಿದೆ. ಮನೆಗೆ ಬಂದು ಅಪ್ಪನ ಗಾಲಿ ಅಳೆದೆ. ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಅಂಗಳದಲ್ಲಿ ಕೂತು ಅತ್ತೆ. ನಕ್ಷೆ ತಪ್ಪಾಗಿದ್ದಕ್ಕೆ ಅಲ್ಲ, ನಾನು ನಕ್ಷೆಯ ಕಡೆ ನಿಂತಿದ್ದಕ್ಕೆ.

ಸರ್ ಲೆಕ್ಕದ ಹಾಳೆಯನ್ನು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಬೆಳ್ಳಿಯ ಫಲಕ ಅವರ ಹಿಂದಿನ ಗೋಡೆಯ ಮೇಲೇ ಇತ್ತು.

“ಪಟಗಾ ಸರಿ ಮಾಡ್ಕೋ ಯಲ್ಲಪ್ಪ ಅಂತ ನಾನ ಅಂದಿದ್ದೆ” ಅಂದರು. “ಫೋಟೋ ಚಂದ ಬರಲಿ ಅಂತ. ಬಿಚ್ಚಿ ಮತ್ತ ಸುತ್ತಿಗೊಂಡ.”

“ಇದನ್ನ ಇತಿಹಾಸದಾಗ ಬರೀತೀನ್ರಿ ಸರ.”

“ನನ್ನ ಹೆಸರಿಗೆ ಉಳಿದದ್ದು ಅದೊಂದ ನಕ್ಷಾ ಐತೆವಾ.”

“ನಮ್ಮಪ್ಪಗ ಅದೂ ಇಲ್ರಿ.”

ಎಂಟು ದಿನ ಅವರಿಂದ ಸುದ್ದಿ ಇರಲಿಲ್ಲ. ನಾನೂ ಹೋಗಲಿಲ್ಲ. ಅಷ್ಟರಲ್ಲಿ ಪುಣೆಯಲ್ಲಿ ಸಂಘ ಮುಚ್ಚಿಯೇ ಬಿಟ್ಟಿತು. ಇತಿಹಾಸದ ಪುಸ್ತಕ ಬೇಡ, ಓದುವವರು ಉಳಿದಿಲ್ಲ ಎಂದು ಕಾಗದ ಬಂತು. ನಾನು ಬರೆದ ಹಾಳೆಗಳು ಈಗಲೂ ನನ್ನ ಕಪಾಟಿನಲ್ಲೇ ಇವೆ.

ಒಂಬತ್ತನೆಯ ದಿನ ಬೆಳಿಗ್ಗೆ ಸರ್ ನಮ್ಮ ಮನೆಯ ಮುಂದೆ ಆಟೋದಿಂದ ಇಳಿದರು. ಅಷ್ಟು ವರ್ಷಗಳಲ್ಲಿ ಅವರು ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಅಧ್ಯಕ್ಷರಿಗೆ ಎಲ್ಲವನ್ನೂ ತಾವೇ ಬರೆದು ತಿಳಿಸಿದ್ದರು. ಅವರು ಒಪ್ಪಿ, ಉಳಿದಿದ್ದ ಒಂದು ಖಾಲಿ ಸರ್ಟಿಫಿಕೇಟಿಗೆ ಸಹಿ ಹಾಕಿ ಕಳಿಸಿದ್ದರು. ಹೆಸರನ್ನು ಸರ್ ತುಂಬಿದ್ದರು. ನಡುಗುವ ಕೈಯಿಂದ ಬರೆದ ಅಕ್ಷರ, ಯಲ್ಲಪ್ಪ ಎಂಬಲ್ಲಿ ಶಾಯಿ ಸ್ವಲ್ಪ ಹರಡಿತ್ತು. ತಾರೀಖು ಡಿಸೆಂಬರದ ಆ ಸಭೆಯದು.

ಅವ್ವ ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತಿದ್ದಳು. ಎದ್ದು ಸೆರಗು ಹೊದ್ದುಕೊಂಡಳು. ಸರ್ ಎರಡೂ ಕೈಯಲ್ಲಿ ಸರ್ಟಿಫಿಕೇಟ್ ಹಿಡಿದು ಅವಳ ಮುಂದೆ ಚಾಚಿದರು. “ತಪ್ಪು ನಂದಿತ್ತು ದ್ಯಾಮವ್ವ. ಯಲ್ಲಪ್ಪಂದು ಸರಿ ಇತ್ತು” ಅಂದರು. ಅವಳು ಕೈ ಒರೆಸಿಕೊಂಡು ತಗೊಂಡಳು. ಓದಲು ಬಾರದ ಆ ಕಾಗದವನ್ನು ಮೇಲಿಂದ ಕೆಳಗೆ ನೋಡಿದಳು.

“ತಪ್ಪ ಅಂತ ಹೇಳೂವಾಗ ಹದಿನಾಲ್ಕ ಮಂದಿ ಕುಂತಿದ್ರಿ ಸರ” ಅಂದಳು. “ಸರಿ ಇತ್ತು ಅಂತ ಹೇಳಾಕ ನೀವೊಬ್ರ ಬಂದೀರಿ, ಕೇಳಾಕ ನಾನೊಬ್ಬಾಕಿ. ಆ ಮಂದೀನೆಲ್ಲಾ ಕರಸ್ರಿ. ಕರಸಿ ಹೇಳ್ರಿ.”